ಮೂಲವಿಲ್ಲದ ಪ್ರತಿಕೃತಿಗಳು: ನಮ್ಮ ನೆರೆಯ ಗೊಮ್ಮಟರು

ಪ್ರಾಚೀನ ಈಜಿಪ್ಟಿನ ಐಸಿಸ್, ಹೋರಸ್, ಅನುಬಿಸ್ ದೇವತೆಗಳ ಕೈಕೆತ್ತನೆಯ ಪುಟ್ಟ ಮೂರ್ತಿಗಳನ್ನು ಪ್ರವಾಸಿಗರು ಮನೆಗೆ ತರುವುದುಂಟು. ನೋಡಿದವರು 'ಇದು ಬರೀ ನಕಲು' ಎಂದುಬಿಡುತ್ತಾರೆ. ಆದರೆ ಆ ನಾಡಿನ ಪುರಾತನ ಶಿಲ್ಪಿಗಳೂ ಕಲ್ಲಿನ ಮೇಲೆ ಚೌಕಗಳ ಜಾಲವನ್ನೆಳೆದು, ಹಿರಿಯರು ವಿಧಿಸಿದ ಪ್ರಮಾಣದಲ್ಲಿಯೇ ಹೊಸ ವಿಗ್ರಹಗಳನ್ನು ಕೆತ್ತುತ್ತಿದ್ದರು. ವಿಗ್ರಹದ ಬಾಯಿ ತೆರೆಸುವ ವಿಧಿ ಮುಗಿದೊಡನೆ ಅದರಲ್ಲಿ ದೇವತಾಸಾನ್ನಿಧ್ಯ ಉಂಟಾಯಿತೆಂದು ನಂಬುತ್ತಿದ್ದರು. ಪ್ರಾಣಪ್ರತಿಷ್ಠೆಯನ್ನು ಕಂಡ ನಮಗೆ ಇದು ಅಪರಿಚಿತವೆನಿಸದು.

ಈ ವಿಚಾರವನ್ನು ಅರಿಯಲು ಮಡಂತ್ಯಾರಿನವರಾದ ನಾವು ನೈಲ್ ನದಿಯ ತೀರಕ್ಕೆ ಹೋಗಬೇಕಾಗಿಲ್ಲ. ಗುರುವಾಯನಕೆರೆಯ ಮಾರ್ಗವಾಗಿ ವೇಣೂರಿಗೆ ಹೋದರೆ ಸಾಕು.

ಬಾಹುಬಲಿಯ ಕಥೆ ನಿಮಗೆ ತಿಳಿದುದೇ. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದೂ ರಾಜ್ಯವನ್ನು ತೊರೆದು ತಪಸ್ಸಿಗೆ ನಿಂತವನು ಅವನು. ಬಳ್ಳಿಗಳು ಮೈಗೆ ಹಬ್ಬಿದವು, ಹುತ್ತಗಳು ಬೆಳೆದವು. ಮುಂದೆ ಭರತನು ಪೌದನಪುರದಲ್ಲಿ ತಮ್ಮನ 525 ಬಿಲ್ಲೆತ್ತರದ ಮೂರ್ತಿಯನ್ನು ಮಾಡಿಸಿದನೆಂದೂ ಕಾಲಾಂತರದಲ್ಲಿ ಕುಕ್ಕುಟ ಸರ್ಪಗಳು ಸುತ್ತುವರಿದು ಅದು ಮನುಷ್ಯರಿಗೆ ಅಗೋಚರವಾಯಿತೆಂದೂ ಪುರಾಣ ಹೇಳುತ್ತದೆ. ಅದನ್ನು ಕಾಣಲಾಗದೆ ಚಾವುಂಡರಾಯನು ಸುಮಾರು 981ರಲ್ಲಿ ಶ್ರವಣಬೆಳಗೊಳದ 58 ಅಡಿಯ ಮೂರ್ತಿಯನ್ನು ನಿರ್ಮಿಸಿದನು. ಪುರಾಣದ ದೃಷ್ಟಿಯಿಂದ ಜಗದ್ವಿಖ್ಯಾತವಾದ ಆ ಗೊಮ್ಮಟನೂ ಒಂದು ಪ್ರತಿಕೃತಿಯೇ! ಅದರ ಮೂಲವನ್ನಾದರೋ ಕಂಡವರಿಲ್ಲ.

ಅದೇ ಪರಂಪರೆ ನಮ್ಮ ತುಳುನಾಡಿಗೆ ಬಂತು. 1432ರಲ್ಲಿ ವೀರಪಾಂಡ್ಯ ಭೈರರಸನು ಕಾರ್ಕಳದಲ್ಲಿ ಸುಮಾರು 42 ಅಡಿಯ ಮೂರ್ತಿಯನ್ನು ನಿಲ್ಲಿಸಿದನು. 1604ರಲ್ಲಿ ಅಳದಂಗಡಿಯ ಅಜಿಲ ವಂಶದ ತಿಮ್ಮಣ್ಣಾಜಿಲನು ವೇಣೂರಿನಲ್ಲಿ 35 ಅಡಿಯ ಗೊಮ್ಮಟನನ್ನು ಪ್ರತಿಷ್ಠಾಪಿಸಿದನು. ತನ್ನ ಊರಿನ ಕೀರ್ತಿ ಕುಂದೀತೆಂದು ಕಾರ್ಕಳದ ಅರಸನು ಅದನ್ನು ತಡೆಯಲು ಬಂದಾಗ, ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟು ಉಳಿಸಿಕೊಂಡನೆಂದು ಐತಿಹ್ಯವಿದೆ. ಬರೀ ನಕಲಿಗಾಗಿ ಅರಸರು ಹೀಗೆ ಸೆಣಸುತ್ತಾರೆಯೇ?

ನಮ್ಮ ಕಾಲದಲ್ಲಿಯೂ ಇದು ನಡೆಯಿತು. ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ 39 ಅಡಿಯ ಏಕಶಿಲಾ ಮೂರ್ತಿಯನ್ನು ಕೆತ್ತಿದರು. 1973ರಲ್ಲಿ ಅದು ಧರ್ಮಸ್ಥಳಕ್ಕೆ ಸಾಗಿತು, 1982ರಲ್ಲಿ, ಡಾ. ವೀರೇಂದ್ರ ಹೆಗ್ಗಡೆಯವರ ಕಾಲದಲ್ಲಿ, ಪ್ರತಿಷ್ಠೆಗೊಂಡಿತು. ಸಂಕಲ್ಪಿಸಿದವರು 1968ರಲ್ಲಿಯೇ ತೀರಿಕೊಂಡಿದ್ದರು. ತಂದೆಯ ಬಯಕೆಯನ್ನು ಮಗ ಪೂರೈಸಿದ್ದೂ ಈ ಪರಂಪರೆಯ ಒಂದು ಅಂಗವೆಂದೇ ನಾನು ತಿಳಿಯುತ್ತೇನೆ.

ತರಗತಿಯಲ್ಲಿ ಇವುಗಳನ್ನು ಪಾಠ ಮಾಡುವಾಗ "ಸರ್, ಇವುಗಳಲ್ಲಿ ನಿಜವಾದದ್ದು ಯಾವುದು?" ಎಂದು ಮಕ್ಕಳು ಕೇಳುತ್ತಿದ್ದರು. ಎಲ್ಲವೂ ನಿಜವೆಂದೇ ನನ್ನ ಉತ್ತರ. ಭಂಗಿ ಒಂದೇ, ಬಳ್ಳಿಯೂ ಒಂದೇ. ಆದರೆ ಮುಖಭಾವ ಮಾತ್ರ ಒಂದರಂತೆ ಇನ್ನೊಂದಿಲ್ಲ. ಆ ವ್ಯತ್ಯಾಸವೇ ಶಿಲ್ಪಿಯ ಸಹಿ. ಅಚ್ಚಿನಲ್ಲಿ ಎರಕಹೊಯ್ದ ಸಾವಿರ ಬೊಂಬೆಗಳಿಗೆ ಅಂಥ ಸಹಿಯಿರುವುದಿಲ್ಲ.

ಮುಂಬಯಿ, ದುಬಾಯಿಗಳಲ್ಲಿ ನೆಲೆಸಿರುವ ನನ್ನ ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಮನೆಯ ಕಪಾಟಿನಲ್ಲಿ ಪುಟ್ಟ ಗೊಮ್ಮಟನಿದ್ದರೆ ಸಂತೋಷ. ಊರಿಗೆ ಬಂದಾಗ ಮಕ್ಕಳನ್ನು ವೇಣೂರಿಗೆ ಕರೆದೊಯ್ಯಿರಿ. ಗೆದ್ದವನೇಕೆ ಎಲ್ಲವನ್ನೂ ಬಿಟ್ಟನೆಂದು ಅವರು ಕೇಳಿಯೇ ಕೇಳುತ್ತಾರೆ. ಆ ಕಥೆಯನ್ನು ಹೇಳಬೇಕಾದವರು ನೀವೇ. ಅದು ಮರೆತುಹೋದರೆ ಮೂರ್ತಿ ಕಲ್ಲಾಗಿ ಉಳಿಯುತ್ತದೆ.