ಗ್ರೆಪ್ಪೊ ತೋಟದ ಬ್ರುನೆಲ್ಲೊ

19ನೇ ಶತಮಾನದ ಟಸ್ಕನಿಯಲ್ಲಿ ಬೇಗ ಕುಡಿದು ಮುಗಿಸುವ ವೈನ್‌ಗೇ ಗಿರಾಕಿಗಳು ಹೆಚ್ಚು. ಕಿಯಾಂತಿ ಸೀಮೆಯಲ್ಲಿ ಸಾಂಜೊವೇಸೆ ಎಂಬ ಕೆಂಪು ದ್ರಾಕ್ಷಿಗೆ ಬಿಳಿ ದ್ರಾಕ್ಷಿ ಬೆರೆಸಿ ಒಗರು ತಗ್ಗಿಸುತ್ತಿದ್ದರು. ಸಿಯೆನಾದ ದಕ್ಷಿಣಕ್ಕೆ, ಬೆಟ್ಟದ ಮೇಲಿನ ಮೊಂಟಾಲ್ಚಿನೊ ಊರಿನ ಒಂದು ಮನೆತನ ಮಾತ್ರ ಈ ಆತುರಕ್ಕೆ ಬೀಳಲಿಲ್ಲ.

ಆ ಮನೆತನದ ಕ್ಲೆಮೆಂಟೆ ಸಾಂತಿ ಔಷಧಶಾಸ್ತ್ರ ಬಲ್ಲವನು. ಆತನ 1865ರ ಕೆಂಪು ವೈನ್‌ಗೆ 1869ರಲ್ಲಿ ಬಹುಮಾನ ಬಂದಾಗಲೇ ಬ್ರುನೆಲ್ಲೊ ಎಂಬ ಹೆಸರು ದಾಖಲಾಗಿತ್ತು. ಮಗಳ ಮಗ ಫೆರುಚೊ ಬಿಯೊಂಡಿ ಸಾಂತಿ ಹದಿಹರೆಯದಲ್ಲೇ ಇಟಲಿಯ ಏಕೀಕರಣಕ್ಕಾಗಿ ಹೋರಾಡುತ್ತಿದ್ದ ಗ್ಯಾರಿಬಾಲ್ಡಿಯ ಪಡೆ ಸೇರಿ 1866ರ ಬೆಜ್ಜೆಕ್ಕಾ ಕಾಳಗದಲ್ಲಿ ಹೋರಾಡಿದವನು. ಊರಿಗೆ ಮರಳಿದ ಮೇಲೆ ಮನೆತನದ ಗ್ರೆಪ್ಪೊ ತೋಟದಲ್ಲಿ ಸಾಂಜೊವೇಸೆಯ ಉತ್ತಮ ಬಳ್ಳಿಗಳನ್ನು ಆರಿಸಿ ಬೆಳೆಸಿದ. ಬೇರೆ ದ್ರಾಕ್ಷಿಯ ಬೆರಕೆ ಬೇಡವೆಂದ. ರಸವನ್ನು ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸಿದ. 1888ರ ಕೊಯ್ಲಿನ ವೈನ್ ಆ ಹಟದ ಫಲ. ಅಲ್ಲಿಂದ 1945ರವರೆಗೆ 'ರಿಸರ್ವಾ' ಎಂಬ ಮನ್ನಣೆ ಪಡೆದದ್ದು ನಾಲ್ಕೇ ಕೊಯ್ಲುಗಳು: 1888, 1891, 1925, 1945. ಉಳಿದ ವರ್ಷಗಳ ಬೆಳೆಗೆ ಆ ಹೆಸರು ಕೊಡದ ಈ ಬಿಗುವೇ ತೋಟದ ನಿಜವಾದ ಬಂಡವಾಳ.

ಫೆರುಚೊನ ಮಗ ತಾಂಕ್ರೆದಿ ಆ ಹಳೆಯ ವೈನ್‌ಗಳನ್ನು ಕಾಪಾಡಿದ ರೀತಿ ಇನ್ನೂ ದೊಡ್ಡದು. ದಶಕಗಳು ಕಳೆದಂತೆ ಬಾಟಲಿಯೊಳಗಿನ ವೈನ್ ಕೊಂಚಕೊಂಚವೇ ಇಂಗುತ್ತದೆ, ಬಿರಡೆ ಸಡಿಲಾಗುತ್ತದೆ, ಗಾಳಿ ನುಗ್ಗುತ್ತದೆ. 1927ರಲ್ಲಿ ತಾಂಕ್ರೆದಿ ಹಳೆಯ ಬಾಟಲಿಗಳನ್ನು ತೆರೆದು, ಅದೇ ಕೊಯ್ಲಿನ ವೈನ್‌ನಿಂದಲೇ ಕಂಠದವರೆಗೆ ತುಂಬಿ, ಹೊಸ ಬಿರಡೆ ಜಡಿಸಿದ. ಕೆಲವು ಬಾಟಲಿಗಳನ್ನು ಬಲಿಕೊಟ್ಟು ಉಳಿದವನ್ನು ಬದುಕಿಸುವ ಕೆಲಸವಿದು. ಎರಡನೇ ಮಹಾಯುದ್ಧದ ಸೈನ್ಯಗಳು ಹತ್ತಿರವಾದಾಗ ಆತ ಹಳೆಯ ರಿಸರ್ವಾಗಳ ಮುಂದೆ ಗೋಡೆ ಕಟ್ಟಿಸಿ ಮರೆಮಾಡಿದ.

1969ರಲ್ಲಿ ಲಂಡನ್ನಿನ ಇಟಲಿ ರಾಯಭಾರ ಕಚೇರಿಯಲ್ಲಿ ರಾಣಿ ಎಲಿಜಬೆತ್‌ಗೆ 1955ರ ರಿಸರ್ವಾ ಬಡಿಸಿದ ಮೇಲೆ ಹೊರಜಗತ್ತು ಬ್ರುನೆಲ್ಲೊ ಹೆಸರನ್ನು ಗುರುತಿಸಿತು. ಬೆಲೆಯೂ ಏರಿತು, ತೋಟಗಳೂ ಹೆಚ್ಚಿದವು.

ಹೆಸರು ಬೆಳೆದಂತೆ ಆಸೆಯೂ ಬೆಳೆಯಿತು. ಬ್ರುನೆಲ್ಲೊ ಪೂರ್ತಿ ಸಾಂಜೊವೇಸೆಯದೇ ಆಗಿರಬೇಕೆಂಬ ನಿಯಮವಿದ್ದರೂ, ಬೇರೆ ದ್ರಾಕ್ಷಿ ಬೆರೆಸಿದ ಶಂಕೆಯಲ್ಲಿ 2008ರಲ್ಲಿ ತನಿಖೆ ನಡೆದು ಲಕ್ಷಾಂತರ ಬಾಟಲಿಗಳು ಮುಟ್ಟುಗೋಲಾದವು. ಮೂರು ವರ್ಷದ ಬಳಿಕ ಬ್ರುನೆಲ್ಲೊದ ತಮ್ಮನಂತಿರುವ ರೊಸ್ಸೊ ದಿ ಮೊಂಟಾಲ್ಚಿನೊ ವೈನ್‌ಗಾದರೂ ಬೆರಕೆಗೆ ಅವಕಾಶ ಬೇಕೆಂಬ ಪ್ರಸ್ತಾಪ ಎದ್ದಿತು. ಆಗ ತಾಂಕ್ರೆದಿಯ ಮಗ ಫ್ರಾಂಕೊಗೆ 89 ವರ್ಷ. ಆತ ಬೆರಕೆಯನ್ನು ಬಹಿರಂಗವಾಗಿಯೇ ವಿರೋಧಿಸಿದ. ಬೆಳೆಗಾರರು ಭಾರೀ ಬಹುಮತದಿಂದ ಆ ಪ್ರಸ್ತಾಪವನ್ನು ತಳ್ಳಿಹಾಕಿದರು.