ಜೀರ್ಣೋದ್ಧಾರವೂ ಸಾರುವೆಯೂ: ಮಂಗಳೂರಿನ ಹಳೆಯ ಕಟ್ಟಡಗಳನ್ನು ಕುರಿತು ಒಂದು ವಿಚಾರ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಸುಪರಿಚಿತವಾಗಿದೆ. ದೇವಾಲಯ ಅಥವಾ ಬಸದಿಯ ಒಡೆದ ಮತ್ತು ಬಿರಿದ ಭಾಗಗಳ ದುರಸ್ತಿಗೆಂದು ಭೂಮಿಯನ್ನೋ ಹೊನ್ನನ್ನೋ ಬಿಡುವುದು ಹಿಂದಿನ ಅರಸರ ಮತ್ತು ವರ್ತಕರ ರೂಢಿಯಾಗಿತ್ತು. ಇಂಥ ಶಾಸನಗಳಲ್ಲಿ ದಾನಿಯ ಹೆಸರು, ತಿಥಿ, ಭೂಮಿಯ ಮೇರೆ ಇವೆಲ್ಲವೂ ದೊರೆಯುತ್ತವೆ. ಕೆಲವೆಡೆ ಶಿಲ್ಪಿಯ ಹೆಸರೂ ಉಂಟು. ಆದರೆ ಸಾರುವೆಯನ್ನು ಕಟ್ಟಿ ಮೇಲೇರಿದವನ ಹೆಸರು ಕಾಣುವುದು ತೀರ ವಿರಳ. ಈ ಮೌನವನ್ನು ಇತಿಹಾಸದ ಅಭ್ಯಾಸಿಗಳು ಗಮನಿಸಬೇಕೆಂಬುದು ನಮ್ಮ ಅಭಿಪ್ರಾಯ.

ಮಂಗಳೂರು ಈ ವಿಚಾರಕ್ಕೆ ತಕ್ಕ ಕ್ಷೇತ್ರವಾಗಿದೆ. ಅಳುಪ ಅರಸ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವಿರುವ ಕದ್ರಿಯ ದೇವಾಲಯ, ಕಾವೂರಿನ ಶ್ರೀ ಮಹಾಲಿಂಗೇಶ್ವರ ದೇವಾಲಯ ಮೊದಲಾದ ಪೂಜಾಸ್ಥಾನಗಳು ಇಲ್ಲಿವೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಈ ಪ್ರದೇಶದ ಮನೆ, ಶಾಲೆ, ಗೋದಾಮುಗಳ ರೂಪವೇ ಮಾರ್ಪಟ್ಟಿತು. ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ಅದರ ಮೇಲೆ ರೀಪು, ರೀಪಿಗೆ ಸಿಕ್ಕಿಸಿದ ಹಂಚು ಎಂಬ ಈ ರಚನೆಯು ಕರಾವಳಿಯ ಮಳೆಗೆ ಒಪ್ಪುವಂಥದು. ಆದರೆ ಹಂಚು ಜರುಗುತ್ತದೆ, ಪಾಚಿ ಕಟ್ಟುತ್ತದೆ, ರೀಪು ಲಡ್ಡಾಗುತ್ತದೆ. ಆದುದರಿಂದ ಮಳೆಗಾಲಕ್ಕೆ ಮುನ್ನ ಯಾರಾದರೂ ಮಾಡನ್ನು ಏರಲೇಬೇಕು. ಈ ಜಿಲ್ಲೆಯಲ್ಲಿ ಹಳೆಯ ಕಟ್ಟಡದ ರಕ್ಷಣೆಯೆಂದರೆ ಮುಖ್ಯವಾಗಿ ಎತ್ತರದ ಕೆಲಸವೇ ಆಗಿದೆ.

ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ನಿದರ್ಶನವು ಇಲ್ಲಿ ಬೋಧಪ್ರದವಾಗಿದೆ. ಇಟಲಿಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿಯು 1899ರಿಂದ 1901ರವರೆಗೆ ಅದರ ಗೋಡೆಗಳನ್ನೂ ಮೇಲ್ಚಾವಣಿಯನ್ನೂ ಚಿತ್ರಗಳಿಂದ ತುಂಬಿದನು. ಇವುಗಳಲ್ಲಿ ಕೆಲವು ಬಟ್ಟೆಯ ಮೇಲಿನ ತೈಲಚಿತ್ರಗಳು, ಉಳಿದವು ಭಿತ್ತಿಚಿತ್ರಗಳು. ಹಸಿ ಗಾರೆಯ ಮೇಲೆ ಬರೆಯುವ ಭಿತ್ತಿಚಿತ್ರದಲ್ಲಿ ಗಾರೆ ಆರುವುದರೊಳಗೆ ಅಂದಿನ ಭಾಗವನ್ನು ಮುಗಿಸಬೇಕಾಗುತ್ತದೆ; ಎಂದರೆ ಅಟ್ಟಣಿಗೆಯ ಮೇಲಿರುವವನು ಇಷ್ಟಬಂದಾಗ ಕೆಳಗಿಳಿಯುವಂತಿಲ್ಲ. 1984ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಸಂಸ್ಥೆಯು 1990ರ ದಶಕದಲ್ಲಿ ಈ ಚಿತ್ರಗಳ ಸಂರಕ್ಷಣೆಯನ್ನು ಕೈಗೊಂಡಿತು.

ಇಂಥ ಕೆಲಸದಲ್ಲಿ ಒಂದು ನಿಜವಾದ ಸಂಕಟವುಂಟು. ಹೊಸ ಕಟ್ಟಡದಲ್ಲಿ ಸಾರುವೆಯನ್ನು ಗೋಡೆಗೆ ಬಿಗಿಯುವುದು ಸುಲಭ. ಹಳೆಯ ಗೋಡೆಯಲ್ಲಿ ಮೊಳೆ ಹೊಡೆದರೆ ಚಿತ್ರ ಕೆಡುತ್ತದೆ, ಮೆದುವಾದ ಮುರಕಲ್ಲು ಉದುರುತ್ತದೆ. ಬಿಗಿಯದಿದ್ದರೆ ಸಾರುವೆ ಓಲಾಡಿ ಮನುಷ್ಯನ ಜೀವಕ್ಕೆ ಅಪಾಯ. ಹಳೆಯ ತೊಲೆಗೆ ಸುರಕ್ಷಾ ಹಗ್ಗವನ್ನು ಕಟ್ಟೋಣವೆಂದರೆ, ಆ ತೊಲೆಯ ದೌರ್ಬಲ್ಯವೇ ದುರಸ್ತಿಗೆ ಕಾರಣವಾಗಿರಬಹುದು. ಕಟ್ಟಡದ ಹಿತಕ್ಕೂ ಕೆಲಸಗಾರನ ಹಿತಕ್ಕೂ ಹೀಗೆ ವಿರೋಧ ತೋರಿದಾಗ, ಎರಡರಲ್ಲಿ ಒಂದನ್ನು ಬಲಿಗೊಡುವುದು ಪರಿಹಾರವಲ್ಲ. ಅಗಲವಾದ ತಳಹದಿಯ ಮೇಲೆ ತನ್ನಷ್ಟಕ್ಕೆ ತಾನೇ ನಿಲ್ಲುವ ಲೋಹದ ಸಾರುವೆ, ಅದರ ಅಂಚಿಗೆ ಕೈಹಿಡಿಯೂ ಅಡ್ಡಹಲಗೆಯೂ, ಪರೀಕ್ಷಿಸಿದ ಆಧಾರಕ್ಕೆ ಕಟ್ಟಿದ ಸುರಕ್ಷಾ ಪಟ್ಟಿ, ಮಳೆ ಬಂದುಹೋದ ಮೇಲೆ ಮರುಪರೀಕ್ಷೆ ಇವು ಎರಡನ್ನೂ ಉಳಿಸುತ್ತವೆ. ಅಡಕೆಮರದ ಕಂಬಕ್ಕೆ ನಾರಿನ ಹಗ್ಗ ಬಿಗಿದ ಸಾರುವೆಯು ಪೂರ್ವಿಕರ ಕೌಶಲಕ್ಕೆ ಸಾಕ್ಷಿಯಾದರೂ, ಅದರ ಕಂಬ ಎಷ್ಟು ಲಡ್ಡಾಗಿದೆಯೆಂಬುದು ಹೊರಗಿನಿಂದ ಸುಲಭವಾಗಿ ತಿಳಿಯುವುದಿಲ್ಲ.

ದುರಸ್ತಿಯ ವಿಧಾನವೂ ಸುರಕ್ಷತೆಯ ವಿಷಯವೇ ಆಗಿದೆ. ಸುಣ್ಣದ ಗಾರೆಯಿರುವ ಮುರಕಲ್ಲಿನ ಗೋಡೆಗೆ ಸಿಮೆಂಟನ್ನು ಬಳಿದರೆ ಒಳಗಿನ ತೇವ ಹೊರಹೋಗದೆ ಗೋಡೆ ಸವೆಯುತ್ತದೆ. ಕೆಲವು ವರ್ಷಗಳಲ್ಲೇ ಮತ್ತೆ ಮೇಲೇರಬೇಕಾಗುತ್ತದೆ. ಸರಿಯಾಗಿ ಮಾಡಿದ ಒಂದು ದುರಸ್ತಿಯು ಅನಾವಶ್ಯಕವಾದ ಹಲವು ಆರೋಹಣಗಳನ್ನು ತಪ್ಪಿಸುತ್ತದೆ.

ಶಾಸನಬದ್ಧ ರಕ್ಷಣೆಯ ಇತಿಹಾಸವನ್ನೂ ಇಲ್ಲಿ ಸ್ಮರಿಸಬೇಕು. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಭಾರತದಲ್ಲಿ 1904ರಲ್ಲಿಯೇ ಕಾಯಿದೆಯಾಯಿತು; 1958ರಲ್ಲಿ ಇನ್ನೊಂದು ಬಂದಿತು. ಕಟ್ಟಡ ಕಾರ್ಮಿಕರಿಗೇ ಮೀಸಲಾದ ಕೇಂದ್ರ ಅಧಿನಿಯಮವು ದೊರೆತದ್ದು 1996ರಲ್ಲಿ. ಕಲ್ಲಿಗೂ ಅದನ್ನು ನಿಲ್ಲಿಸಿದ ಕೈಗೂ ನಡುವೆ 92 ವರ್ಷಗಳ ಅಂತರ! ಅದೂ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವೆಡೆಗಳಿಗೆ ಅನ್ವಯಿಸುವಂತೆ ರಚಿತವಾಯಿತು. ಕಾವೂರಿನಂಥ ಊರಿನಲ್ಲಿ ಹಳೆಯ ಮನೆಯ ಮಾಡಿಗೆ ಹಂಚು ಹೊದಿಸುವವರು ಸಾಮಾನ್ಯವಾಗಿ ಇಬ್ಬರೋ ಮೂವರೋ. ಅವರಿಗೆ ಆಧಾರವಾಗಬೇಕಾದದ್ದು ಕಾಯಿದೆಗಿಂತ ಮಿಗಿಲಾಗಿ ಕೆಲಸವನ್ನು ಒಪ್ಪಿಸುವವರ ವಿವೇಕ.

ಆದುದರಿಂದ ಜೀರ್ಣೋದ್ಧಾರದ ಅಂದಾಜುಪಟ್ಟಿಯಲ್ಲಿ ಸಾರುವೆಯ ವೆಚ್ಚವು ಮೊದಲನೆಯ ಬಾಬಾಗಬೇಕು. ಮಿಕ್ಕ ಹಣದಲ್ಲಿ ಹೊಂದಿಸುವ ಬಾಬಾಗಬಾರದು. ಕೆಲಸ ಮುಗಿದ ಮೇಲೆ ನೆಡುವ ಶಿಲಾಫಲಕದಲ್ಲಿ ದಾನಿಗಳೊಡನೆ ಮೇಲೇರಿ ದುಡಿದವರ ಹೆಸರೂ ಇರಲಿ. ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಕಟ್ಟಡಗಳ ಚರಿತ್ರೆಯನ್ನು ಬರೆಯುವಾಗ, ಕಟ್ಟಿಸಿದವರಾರು ಎಂಬ ಪ್ರಶ್ನೆಯೊಡನೆ ಏರಿದವರಾರು, ಅವರು ಕ್ಷೇಮವಾಗಿ ಇಳಿದರೇ ಎಂಬುದನ್ನೂ ವಿಚಾರಿಸಲಿ. ಉತ್ತರ ಬಲ್ಲ ಹಿರಿಯ ಕೆಲಸಗಾರರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕಾರ್ಯ ನಡೆಯಬೇಕು.