ಗುಡ್ಡದ ಮೇಲಿನ ಒಕ್ಕಲು

ಬೆಟ್ಟದ ಮೇಲೆ ನಾಲ್ಕು ಎಕರೆ ಜಮೀನು, ಸೋಲಾರ್ ದೀಪ, ಮಳೆನೀರಿನ ತೊಟ್ಟಿ, ನಾಟಿ ಹಸು, ಸ್ವಂತ ತರಕಾರಿ. ಬಂದವರಿಗೆ ಮೌನ, ಧ್ಯಾನ. ‘ಸ್ವಾವಲಂಬಿ ಬದುಕು’ ಎಂಬ ಹೆಸರಿನ ಇಂಥ ತಾಣಗಳ ಜಾಹೀರಾತು ಕಂಡಾಗಲೆಲ್ಲ ನನಗೆ ನಮ್ಮ ಸೀಮೆಯ ಬೋಳು ಗುಡ್ಡಗಳು ನೆನಪಾಗುತ್ತವೆ. ದೇವದುರ್ಗ ತಾಲ್ಲೂಕಿನ ಮಸರಕಲ್ ನನ್ನೂರು. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಊರ ಹೆಸರಿಗೂ ಕಲ್ಲು ಅಂಟಿಕೊಂಡಿದೆ: ಮಸರಕಲ್, ಮುದಗಲ್. ಆ ಕಲ್ಲುಗುಡ್ಡಗಳ ಮೇಲೆ ಸುಮಾರು ಐದು ಸಾವಿರ ವರ್ಷಗಳ ಹಿಂದೆಯೇ ಜನ ಒಕ್ಕಲು ಹೂಡಿದ್ದರು.

ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್. ಆರ್. ಆಲ್ಚಿನ್ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕದ್ದು ನವಶಿಲಾಯುಗದ ರೈತರ ಮನೆವಾರ್ತೆ: ನಯಮಾಡಿದ ಕಲ್ಲುಕೊಡಲಿ, ಮಡಕೆ ಚೂರು, ಕಾಳು ಅರೆಯುವ ಕಲ್ಲು. ಸುತ್ತಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ, ಎತ್ತರದ ಹಿಣಿಲಿನ ಎತ್ತುಗಳ ಚಿತ್ರಗಳಿವೆ. ತಮ್ಮ ಆಸ್ತಿ ಯಾವುದೆಂದು ಅವರೇ ಬರೆದಿಟ್ಟು ಹೋದಂತಿದೆ.

ಗುಡ್ಡವೇ ಯಾಕೆ? ಬಂಡೆಯ ದೊಣೆಗಳಲ್ಲಿ ಮಳೆನೀರು ನಿಲ್ಲುತ್ತದೆ. ಬಂಡೆಗಳ ಸಂದು ನೆರಳಾಗುತ್ತದೆ. ಕೆಳಗಿನ ಬಯಲು ದನಗಳಿಗೆ ಮೇವು. ಬಳ್ಳಾರಿಯ ಸಂಗನಕಲ್ಲು ಮೊದಲಾದ ಕಡೆ ಸಿಕ್ಕ ಸುಟ್ಟ ಕಾಳುಗಳು ಅವರ ಊಟವನ್ನೂ ಹೇಳುತ್ತವೆ: ಹುರುಳಿ, ಹೆಸರು, ಕೊರಲೆ. ಮೂರೂ ಕಡಿಮೆ ಮಳೆಗೆ ಒಗ್ಗುವ ಬೆಳೆಗಳು. ಈಗ ‘ಸಿರಿಧಾನ್ಯ’ವೆಂದು ದುಬಾರಿ ಬೆಲೆಗೆ ಮಾರುವ ಕೊರಲೆ ಅವರಿಗೆ ದಿನದ ಕೂಳು.

ಕೃಷ್ಣೆಯ ಆಚೆ, ಸುರಪುರ ಸೀಮೆಯ ಬೂದಿಹಾಳದ ಹೆಸರಿನಲ್ಲೇ ಬೂದಿಯಿದೆ. ಅಲ್ಲಿಯ ಬೂದಿದಿಬ್ಬವನ್ನು ಕೆ. ಪದ್ದಯ್ಯ 1990ರ ದಶಕದಲ್ಲಿ ಅಗೆಸಿದರು. ವರ್ಷಗಟ್ಟಲೆ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಬೆಳೆದ ದಿಬ್ಬ ಅದು. ಪಕ್ಕದಲ್ಲೇ ದನದ ದೊಡ್ಡಿ, ಮನೆಗಳು, ದನ ಕಡಿದ ನೆಲ, ಹೂಳಿದ ಮಕ್ಕಳು. ಇಡೀ ಸಂಸಾರ ಒಂದೇ ಕಡೆ.

ಆದರೂ ಈ ಜನ ಒಬ್ಬಂಟಿಗರಾಗಿರಲಿಲ್ಲ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕರಿಕಲ್ಲಿನ ಕೊಡಲಿಗಳನ್ನು ಒಂದು ಮನೆಗೆ ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ತಯಾರಿಸುತ್ತಿದ್ದರು. ಮಿಕ್ಕಿದ್ದು ಬೇರೆ ಊರುಗಳಿಗೆ. ಕಾಲಕ್ರಮೇಣ ದೂರದ ಗೋದಿ, ಜವೆಗೋದಿಗಳೂ ಗುಡ್ಡ ಹತ್ತಿದವು. ಅವರ ಸ್ವಾವಲಂಬನೆಗೆ ಬೇಲಿ ಇರಲಿಲ್ಲ. ನೀರು, ಮೇವು, ಕಾಳು ಕೈಯಳತೆಯಲ್ಲಿದ್ದವು, ಉಳಿದದ್ದಕ್ಕೆ ನೆರೆಯವರಿದ್ದರು. ಹಾಗಾಗಿಯೇ ಆ ಬಾಳ್ವೆ ಸಾವಿರಾರು ವರ್ಷ ನಡೆಯಿತು. ಅಲ್ಲಿ ಬೀಡುಬಿಟ್ಟವರು ವಾರಾಂತ್ಯದ ಅತಿಥಿಗಳಲ್ಲ, ಹುಟ್ಟಿ ಸತ್ತ ಮನೆಯವರು.

ಈಗ ಗುಡ್ಡಕ್ಕೆ ಬೇರೆ ಬೆಲೆ ಬಂದಿದೆ. ಸಂಗನಕಲ್ಲಿನ ಆಸುಪಾಸಿನಲ್ಲಿ ಜಲ್ಲಿ, ಗ್ರಾನೈಟಿಗಾಗಿ ಬಂಡೆ ಒಡೆಯುವ ಕೆಲಸ ಪುರಾತನ ನೆಲೆಗಳನ್ನೇ ತಿಂದಿದೆ. ಒಮ್ಮೆ ಸಿಡಿಮದ್ದಿಟ್ಟರೆ ದೊಣೆ, ಚಿತ್ರ, ಬೂದಿ ಎಲ್ಲ ಒಂದೇ ಮಧ್ಯಾಹ್ನಕ್ಕೆ ಜಲ್ಲಿ. ಹೊಸದಾಗಿ ಬೆಟ್ಟ ಕೊಂಡು ಹಳೆಯ ಬದುಕು ಕಟ್ಟಲು ಹೊರಟವರನ್ನು ನಾನು ಹಂಗಿಸುವುದಿಲ್ಲ. ಕೊಳ್ಳುವ ಮುನ್ನ ಅವರು ಒಮ್ಮೆ ನಮ್ಮ ಕಡೆ ಬಂದು, ಬೇಸಿಗೆಯ ನಡುವೆ ಯಾವುದಾದರೂ ಗುಡ್ಡ ಹತ್ತಿ, ದೊಣೆಯಲ್ಲಿ ನೀರು ಎಷ್ಟು ಉಳಿದಿದೆ ಎಂದು ನೋಡಲಿ. ಲೆಕ್ಕ ಅಲ್ಲಿಂದ ಶುರುವಾಗಬೇಕು.